ಬೆಂಕಿಕಡ್ಡಿಯ ಮ್ಯಾಟ್ನಿ

ಹಗಲು ಹೊತ್ತಿನಲ್ಲಿ ನೈಟ್‌ಕ್ಲಬ್ ಹೇಗಿರುತ್ತದೆಂದು ಅಲ್ಲಿ ದುಡಿಯುವವರಿಗೆ ಮಾತ್ರ ಗೊತ್ತು. ಕುರ್ಚಿಗಳು ಕಾಲು ಮೇಲೆ ಮಾಡಿ ಮೇಜಿನ ಮೇಲೆ ಮಲಗಿರುತ್ತವೆ. ಫಿನಾಯಿಲಿನ ವಾಸನೆಯ ಕೆಳಗೆ ನಿನ್ನೆಯ ಸಿಗರೇಟು ಇನ್ನೂ ಉಸಿರಾಡುತ್ತಿರುತ್ತದೆ. ರಾತ್ರಿ ಮಖಮಲ್ಲಿನಂತೆ ಮಿನುಗುವ ಗೋಡೆ ಟ್ಯೂಬ್‌ಲೈಟಿನಲ್ಲಿ ನೋಡಿದರೆ ಬರೀ ಕೆಂಪು ಬಣ್ಣ ಬಳಿದ ಸಿಮೆಂಟು, ಅಲ್ಲಲ್ಲಿ ಚಕ್ಕೆ ಎದ್ದದ್ದು. ಮೈಕಮ್ಮನಿಗೆ ಈ ಹೊತ್ತೇ ಇಷ್ಟ. ಈ ಹೊತ್ತಿನಲ್ಲಿ ಯಾರೂ ಏನನ್ನೂ ಮುಚ್ಚಿಡಲಾರರು ಎಂದು ಅವಳ ನಂಬಿಕೆ.

ಮೈಕಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಅಪ್ಪನ ಮೈಕ್‌ಸೆಟ್ ಅಂಗಡಿ ಅವಳ ಪಾಲಿಗೆ ಬಂದಿತ್ತು. ಬೆಳಗ್ಗೆ ಶಾಲೆಯ ಆಟೋಟಕ್ಕೋ ಯಾರದೋ ಭಾಷಣಕ್ಕೋ ಸ್ಪೀಕರು ಕಟ್ಟಿ ಬಿಚ್ಚುವುದು, ಮಧ್ಯಾಹ್ನದ ಮೇಲೆ ಈ ಕ್ಲಬ್ಬಿನ ಮೈಕು, ದೀಪ ಎರಡನ್ನೂ ನೋಡಿಕೊಳ್ಳುವುದು. ಗಂಡನೆನಿಸಿಕೊಂಡವನು ‘ಈಗ ಬಂದೆ’ ಎಂದು ಹೇಳಿ ಹೋದವನು ಬಂದಿರಲಿಲ್ಲ. ಅಂದಿನಿಂದ ಯಾರು ಏನು ಹೇಳಿದರೂ ಆ ಮಾತನ್ನು ತಿರುವಿಹಾಕಿ ಅದರ ಬೆನ್ನನ್ನೂ ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಮನೆಯಲ್ಲಿ ಉಳಿದದ್ದು ಅವಳು, ಮಗಳು ಮತ್ತು ರಿಪೇರಿಗೆ ಬಂದ ಸ್ಪೀಕರುಗಳು.

ಮಗಳು ಚೆನ್ನಾಗಿ ಹಾಡುತ್ತಿದ್ದಳು. ಕನಿಷ್ಠ ಮೈಕಮ್ಮನ ಕಿವಿಗೆ ಚೆನ್ನಾಗಿ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಅವಳು ಗುನುಗುತ್ತಿದ್ದರೆ ತಾಯಿಗೆ ದಿನದ ದಣಿವೆಲ್ಲ ಕಾಲಿಗಿಳಿದು ಹೋದ ಹಾಗಾಗುತ್ತಿತ್ತು. ಯಾರ ಯಾರದೋ ದನಿಯನ್ನು ಊರಿಗೆಲ್ಲ ಕೇಳಿಸಿದ ಈ ಮೈಕಿನಲ್ಲಿ ಒಂದು ದಿನ ತನ್ನ ಮಗಳ ದನಿ ಬರಬೇಕು, ಗೋಡೆಯ ಮೇಲೆ ಮಗಳ ಹೆಸರು ಬರಬೇಕು. ಅವಳಿಗಿದ್ದ ಆಸೆ ಅಷ್ಟೇ.

ಅದಕ್ಕೇ, ಕ್ಲಬ್ಬಿನ ಒಡತಿ ಬಂದು, “ನಾಳೆಯಿಂದ ನಿನ್ನ ಮಗಳನ್ನ ನನ್ನ ಹತ್ರ ಬಿಡು,” ಎಂದಾಗ ಮೊದಲು ಎದೆ ಹಿಗ್ಗಿತು. ಆಮೇಲೆ ಅಭ್ಯಾಸದಂತೆ ಅನುಮಾನ ಬಂತು.

ಆ ದಿನ ಹೊಸ ಹಾಡುಗಾರ್ತಿಯೊಬ್ಬಳು ಪರೀಕ್ಷೆಗೆ ಹಾಡುತ್ತಿದ್ದಳು. ಈ ಕ್ಲಬ್ಬಿನಲ್ಲಿ ಹಾಡಬೇಕಾದರೆ ಒಡತಿಯ ಕಿವಿ ದಾಟಿ ಬರಬೇಕು. ಅವಳು ತಲೆಯಾಡಿಸಿದರೆ ಉಂಟು, ಎದ್ದುಹೋದರೆ ಇಲ್ಲ. ಎದುರಿಗೆ ಒಂಟಿ ಕುರ್ಚಿ ಹಾಕಿಕೊಂಡು ಕೂತಿದ್ದ ಒಡತಿ ಹಾಡುಗಾರ್ತಿಯನ್ನು ನೋಡುತ್ತಲೇ ಇರಲಿಲ್ಲ. ಪಕ್ಕದಲ್ಲಿ ಕೇಬಲ್ ಸುತ್ತುತ್ತಿದ್ದ ಮೈಕಮ್ಮನ ಮಗಳ ಮುಖದಲ್ಲೇ ಅವಳ ಕಣ್ಣು ನೆಟ್ಟಿತ್ತು. ಹಾಡು ಅರ್ಧದಲ್ಲಿರುವಾಗಲೇ ಎದ್ದಳು, ನೇರ ಮೈಕಮ್ಮನ ಹತ್ತಿರ ಬಂದಳು, ಆ ಮಾತು ಹೇಳಿದಳು.

“ಯಾಕೆ ಮೇಡಂ?” ಎಂದಳು ಮೈಕಮ್ಮ.

ಒಡತಿ ಆಗಲೇ ಬೆನ್ನು ತಿರುಗಿಸಿ ಮೆಟ್ಟಿಲು ಹತ್ತುತ್ತಿದ್ದಳು.

“ಯಾಕೆ ಅಂತ ಕೇಳಿದ್ರೆ ಬೆನ್ನು ತೋರಿಸ್ತಾಳಲ್ಲ,” ಎಂದು ಮೈಕಮ್ಮ ಬಾರಿನ ಕಡೆ ನೋಡಿದಳು. ಅಲ್ಲಿ ಎಂದಿನಂತೆ ಗ್ಲಾಸ್ ಮಾಮ ಗಾಜಿನ ಲೋಟ ಒರೆಸುತ್ತಿದ್ದ. ಬಾರು ನೋಡಿಕೊಳ್ಳುವವನು ಅವನು. ಒರೆಸಿದ್ದನ್ನೇ ಒರೆಸುತ್ತಾನೆಂದು ಮಗಳು ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತ್ತು.

“ದೊಡ್ಡವರಿಗೆ ಯಾಕೆ ಅನ್ನೋದು ಕೇಳಿಸಲ್ಲ ಕಣಮ್ಮ,” ಎಂದ ಗ್ಲಾಸ್ ಮಾಮ. “ಆಯಮ್ಮ ಬೆಂಕಿಕಡ್ಡಿ ಅನ್ನೋ ಹೆಸರಲ್ಲಿ ಮೆರೆದ ಚರಿತ್ರೆ ನಿನಗೆ ಗೊತ್ತಾ?”

“ಹಾಡ್ತಿದ್ಲು ಅಂತ ಗೊತ್ತು.”

“ಹಾಡ್ತಿದ್ಲು! ಅದು ಬಾಲ. ತಲೆಯಿಂದ ಕೇಳು.”

ಗ್ಲಾಸ್ ಮಾಮನಿಗೆ ಗೊತ್ತಿಲ್ಲದ್ದಿಲ್ಲ; ಗೊತ್ತಿಲ್ಲದ್ದನ್ನೂ ಗೊತ್ತಿದ್ದಂತೆಯೇ ಹೇಳುತ್ತಿದ್ದ. ಅವನ ಪ್ರಕಾರ ಒಡತಿಯ ಮೊದಲ ನೌಕರಿ ಅಳುವುದು. ರೇಡಿಯೋ ನಾಟಕದಲ್ಲಿ ಕೂಸು ಅಳಬೇಕಾದಾಗಲೆಲ್ಲ ಈ ಪುಟ್ಟ ಹುಡುಗಿಯನ್ನು ಕರೆಸುತ್ತಿದ್ದರಂತೆ. ಎಷ್ಟು ಕೂಸುಗಳಿಗೆ ಅತ್ತಳೋ, ಯಾವ ಕೂಸಿಗೂ ಇವಳ ಹೆಸರಿಲ್ಲ. ಆಮೇಲೆ ಸರ್ಕಸ್ಸು. ಹಲಗೆಗೆ ಬೆನ್ನು ಕೊಟ್ಟು ನಿಲ್ಲುವುದು, ಸುತ್ತ ಚೂರಿ ಬಂದು ನಾಟುವುದು, ಇವಳು ಒಂದು ಕೂದಲೂ ಅಲುಗಿಸದೆ ಹಾಡುವುದು. ಚೂರಿ ಎಸೆಯುವವನಿಗೆ ಕಣ್ಣು ಮಂಜಾಗತೊಡಗಿದ ಮೇಲೆ ಅಲ್ಲಿಂದ ಕಾಲ್ತೆಗೆದಳು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆಯೆಂದು ಕೂಗುವ ಕೆಲಸ ಸಿಕ್ಕಿತು. ಅವಳು ‘ಹೊರಡಲಿದೆ’ ಎಂದರೆ ಹೊರಡಬೇಕಾದವರೂ ಕೂತು ಕೇಳುತ್ತಿದ್ದರು, ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು, ಕೆಲಸ ಹೋಯಿತು. ಸಿನಿಮಾದಲ್ಲಿ ದೆವ್ವಗಳಿಗೆ ದನಿ ಕೊಟ್ಟಳು. ಹಾಡಲು ಬಾರದ ನಾಯಕಿಯರಿಗೂ ಕೊಟ್ಟಳು.

“ಪರದೆ ಮೇಲೆ ಅವರ ತುಟಿ, ಹಿಂದೆ ಇವಳ ಗಂಟಲು,” ಎಂದ ಗ್ಲಾಸ್ ಮಾಮ. “ಹೆಸರು? ಊಹೂಂ.”

ಇದೆಲ್ಲ ಆದ ಮೇಲೆ ಬೆಂಕಿಕಡ್ಡಿ ಹುಟ್ಟಿದ್ದು. ಮುಚ್ಚಿಹೋದ ಒಂದು ಚಿತ್ರಮಂದಿರ. ಒಳಗೆ ಕಗ್ಗತ್ತಲೆ. ವೇದಿಕೆಯ ಮೇಲೆ ಒಬ್ಬಳು ಕಡ್ಡಿ ಗೀರುತ್ತಾಳೆ. ಆ ಬೆಳಕಿನಲ್ಲಿ ಒಂದು ಮುಖ ಕಾಣುತ್ತದೆ, ಜ್ವಾಲೆ ಬೆರಳಿಗೆ ಬರುವವರೆಗೆ ಸುಮ್ಮನೆ ನಿಮ್ಮನ್ನೇ ನೋಡುತ್ತದೆ. ಕಡ್ಡಿ ಆರಿದ ಮೇಲೆ, ಕತ್ತಲಲ್ಲಿ, ಹಾಡು ಶುರು. ವಾದ್ಯವಿಲ್ಲ, ಮೇಳವಿಲ್ಲ. ಹಾಡು ಮುಗಿದರೆ ಚಪ್ಪಾಳೆಯೂ ಇಲ್ಲ. ಕೇಳಲು ಬಂದವರೆಲ್ಲ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು ಕುಲುಕುತ್ತಾರೆ. ಪತ್ರಿಕೆಗಳು ಅವಳ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಆದರೆ ಕೇಳಿದವರು ಮತ್ತೆ ಬೇರೆ ಯಾರನ್ನೂ ಕೇಳಲೊಪ್ಪಲಿಲ್ಲ. ಇದ್ದಕ್ಕಿದ್ದಂತೆ ಒಂದು ದಿನ ಅವಳು ಹಾಡುವುದನ್ನು ನಿಲ್ಲಿಸಿದಳು, ಯಾಕೆಂದು ಹೇಳಲಿಲ್ಲ. ಕೆಲಕಾಲ ಚೌರಿಕೂದಲಿನ ಅಂಗಡಿ ಇಟ್ಟಳಂತೆ. ಆಮೇಲೆ ಈ ನೆಲಮಾಳಿಗೆಯನ್ನು ಹಿಡಿದಳು, ಹಿಂದೆ ಐಸ್ ಕಾರ್ಖಾನೆಯ ಉಗ್ರಾಣವಾಗಿದ್ದದ್ದನ್ನು.

“ಲೆಕ್ಕ ಹಾಕು,” ಎಂದು ಗ್ಲಾಸ್ ಮಾಮ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. “ಬೇರೆಯವರ ಅಳು, ಬೇರೆಯವರ ಹಾಡು, ಬೇರೆಯವರ ಕೂದಲು. ಆಯಮ್ಮ ಜೀವಮಾನ ಎಲ್ಲ ಮಾಡಿದ್ದು ಒಂದೇ ವ್ಯಾಪಾರ. ಈಗ ತನ್ನ ದನಿ ಹೋಗಿದೆ. ನೋಡಿದ್ಯಲ್ಲ, ಪಿಸುಪಿಸು ಅಂತಾಳೆ. ಆದ್ರೆ ಹಳೇ ಅಭಿಮಾನಿಗಳಿಗೆ ಒಂದು ಆಟ ಕೊಡ್ತೀನಿ ಅಂತ ಹೊರಟಿದಾಳೆ. ಹಾಡೋರು ಯಾರು?”

ಮೈಕಮ್ಮ ಕೆಳಗೆ ನೋಡಿದಳು. ಕೈಯಲ್ಲಿದ್ದ ಕೇಬಲ್ಲು ಗಂಟು ಬಿದ್ದಿತ್ತು.

ಆಟದ ಸುದ್ದಿ ನಿಜವಾಗಿತ್ತು. ಸಂಜೆ ನಾಲ್ಕಕ್ಕೆ. ನೈಟ್‌ಕ್ಲಬ್ಬಿನಲ್ಲಿ ಮ್ಯಾಟ್ನಿಯೇ ಎಂದು ಕೆಲಸದವರೆಲ್ಲ ನಕ್ಕರು. “ಅವರಿಗೆಲ್ಲ ವಯಸ್ಸಾಯ್ತು, ಒಂಬತ್ತಾದ್ರೆ ಹಾಡು ಕೇಳ್ತಾ ಗೊರಕೆ ಹೊಡೀತಾರೆ,” ಎಂದು ಒಡತಿ ಹೇಳಿದಳಂತೆ.

ಮಾರನೆಯ ದಿನದಿಂದ ಮಗಳು ಒಡತಿಯ ಜೊತೆ ಅಭ್ಯಾಸಕ್ಕೆ ಕೂತಳು. ಮೈಕಮ್ಮನಿಗೆ ಬಂದ ಅಪ್ಪಣೆ ವಿಚಿತ್ರವಾಗಿತ್ತು. ಮಗಳ ಮುಂದೆ ಒಂದು ಮೈಕು ಇಡಬೇಕು. ಅದರ ದನಿ ಒಡತಿಯ ಹೆಡ್‌ಫೋನಿಗೆ ಮಾತ್ರ ಹೋಗಬೇಕು, ಹಾಲಿಗೆ ಬರಕೂಡದು. ಒಡತಿಗೆ ಮೈಕು ಬೇಡ.

“ಜೋರು ಎಷ್ಟಿಡಲಿ ಮೇಡಂ?”

ಒಡತಿ ಅವಳ ಬಾಯನ್ನೇ ದಿಟ್ಟಿಸಿ ನೋಡಿದಳು. ಮಾತಾಡಿಸಿದಾಗಲೆಲ್ಲ ಹೀಗೇ, ಕಣ್ಣಿಗೆ ಕಣ್ಣು ಕೊಡದೆ ಬಾಯನ್ನು ನೋಡುವುದು, ಬಾಯಿಂದ ಸುಳ್ಳು ಎಲ್ಲಿ ಹೊರಬೀಳುತ್ತದೋ ಎಂದು ಕಾಯುವವರ ಹಾಗೆ.

“ಪೂರ್ತಿ,” ಎಂದಳು ಒಡತಿ. “ಇಟ್ಟು, ಬಾಗಿಲು ಹಾಕ್ಕೊಂಡು ಹೋಗು.”

ಮೈಕಮ್ಮ ಬಾಗಿಲು ಹಾಕಿಕೊಂಡು ಹೋದಳು. ಆದರೆ ವೇದಿಕೆಯ ಮೆಟ್ಟಿಲ ಕೆಳಗೆ ತಂತಿಗಳೆಲ್ಲ ಬಂದು ಸೇರುವ ಗೂಡೊಂದಿತ್ತು. ಅದರ ಬೀಗದಕೈ ಇದ್ದದ್ದು ಅವಳೊಬ್ಬಳ ಸೊಂಟದಲ್ಲಿ. ಒಳಗೆ ಕುಕ್ಕರಗಾಲಿನಲ್ಲಿ ಕೂತು, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಅಂಗೈಯಗಲದ ಸ್ಪೀಕರನ್ನು ಆ ತಂತಿಗೆ ಸಿಕ್ಕಿಸಿ ಕಿವಿಗೆ ಹಿಡಿದಳು.

ಮಗಳು ಹಾಡುತ್ತಿದ್ದಳು. ಬೆಂಕಿಕಡ್ಡಿಯ ಹಳೆಯ ಹಾಡು. ಒಂದು ಸಾಲು ಹಾಡಿ ನಿಲ್ಲುವುದು, ಮತ್ತೆ ಅದನ್ನೇ ಹಾಡುವುದು. ಸಾಲಿನ ಕೊನೆಯಲ್ಲಿ ದನಿಯನ್ನು ಸ್ವಲ್ಪ ಬಿರುಕು ಬಿಡಿಸಿ ಕೈಬಿಡುವ ಬೆಂಕಿಕಡ್ಡಿಯ ಆ ವರಸೆ ಕೂಡ ಹಾಗೆಯೇ. ದೂರದಲ್ಲಿ ಒಡತಿಯದು ಬರೀ ಗುನುಗು, ಇದ್ದೂ ಇಲ್ಲದಂತೆ. ‘ಇನ್ನೊಮ್ಮೆ’ ಎಂಬ ಪಿಸುಮಾತು. ಮಗಳು ಇನ್ನೊಮ್ಮೆ ಹಾಡಿದಳು. ದಿನದಿಂದ ದಿನಕ್ಕೆ ಮಗಳ ದನಿಯೊಳಗಿಂದ ಮಗಳು ಖಾಲಿಯಾಗುತ್ತಾ ಇನ್ನೊಬ್ಬಳು ತುಂಬಿಕೊಳ್ಳುತ್ತಿದ್ದಳು.

ಒಂದು ದಿನ ತಡೆಯಲಾರದೆ ಒಡತಿಯ ಕೋಣೆಗೇ ಹೋದಳು. ಒಡತಿ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತಿತ್ತು, ಎತ್ತಿಕೊಳ್ಳುತ್ತಿರಲಿಲ್ಲ. ಅವಳು ಫೋನು ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಯಾರಿಂದ ತಪ್ಪಿಸಿಕೊಳ್ಳುತ್ತಿದ್ದಾಳೋ.

“ಮೇಡಂ, ನನ್ನ ಮಗಳ ಹತ್ರ ಏನು ಮಾಡಿಸ್ತಿದ್ದೀರಿ? ಹೆತ್ತವಳು ನಾನು, ನನಗೆ ಗೊತ್ತಾಗಬೇಕು.”

ಒಡತಿ ಪತ್ರಿಕೆಯ ಪುಟ ಮಗುಚಿದಳು.

“ಮೇಡಂ!”

ಇನ್ನೊಂದು ಪುಟ. ಮೈಕಮ್ಮ ಬಾಗಿಲಲ್ಲಿ ಒಂದಷ್ಟು ಹೊತ್ತು ನಿಂತು, ಮೈಯೆಲ್ಲ ಉರಿದುಕೊಂಡು ಕೆಳಗಿಳಿದಳು. ಕೇಳಿಸಿಯೂ ಕೇಳಿಸದ ಹಾಗೆ ಕೂರುವವರ ಮುಂದೆ ಏನೆಂದು ಕಿರುಚುವುದು?

ಮನೆಯಲ್ಲಿ ಮಗಳದು ಇನ್ನೊಂದು ಬಗೆ. ಭಾನುವಾರ ಬೆಳಗ್ಗೆ ಇಬ್ಬರೂ ಎದುರುಬದುರು ಕೂತು ಒಂದು ಹಳೆಯ ಸ್ಪೀಕರಿನ ಹರಿದ ಕಾಗದಕ್ಕೆ ಅಂಟು ಹಚ್ಚುತ್ತಿದ್ದರು.

“ಆಯಮ್ಮ ನಿನಗೆ ಏನು ಕಲಿಸ್ತಿದಾಳೆ?”

“ಏನೋ.”

“ಏನೋ ಅಂದ್ರೆ?”

“ಹೇಳಕ್ಕಾಗಲ್ಲ ಅಮ್ಮ. ಮಾತು ಕೊಟ್ಟಿದೀನಿ.”

“ಹೆತ್ತಮ್ಮನಿಗೂ ಹೇಳದಿರೋ ಅಂಥ ಮಾತು ಎಂಥದೇ ಅದು?”

“ಹೆತ್ತಮ್ಮನಿಗೆ ಹೇಳಿದ್ರೆ ಮೈಕಲ್ಲಿ ಹೇಳಿದ ಹಾಗೆ.”

ಬೇರೆ ದಿನವಾಗಿದ್ದರೆ ಮೈಕಮ್ಮ ನಗುತ್ತಿದ್ದಳು. “ನೋಡು ಪುಟ್ಟಿ,” ಎಂದಳು, “ಆಟದ ದಿನ ಕತ್ತಲಲ್ಲಿ ನಿನ್ನ ಹತ್ರ ಹಾಡಿಸಿ, ತಾನು ಹಾಡಿದೆ ಅಂತ ಹೇಳ್ಕೊಂಡ್ರೆ? ಒಂದು ಸಲ ಆಯಿತು ಅಂದ್ರೆ ಮುಗೀತು, ಜೀವನಪೂರ್ತಿ ಇನ್ನೊಬ್ಬರ ಗಂಟಲಾಗಿ ಇರಬೇಕಾಗತ್ತೆ. ನಿನ್ನ ಹೆಸರು ಎಲ್ಲೂ ಬರಲ್ಲ.”

ಮಗಳು ಅಂಟಿನ ಕಡ್ಡಿಯನ್ನು ಡಬ್ಬಿಯಲ್ಲಿಟ್ಟು ತಾಯಿಯನ್ನೇ ನೋಡಿದಳು. “ನಿನಗೆ ನಾನು ಹಾಡಬೇಕು ಅಂತ ಆಸೆ. ನನಗಿದೆಯಾ ಅಂತ ಯಾವತ್ತಾದ್ರೂ ಕೇಳಿದೀಯಾ?”

“ಮಾತು ಮರೆಸಬೇಡ. ಹೌದೋ ಅಲ್ವೋ ಹೇಳು.”

“ಹೇಳಕ್ಕಾಗಲ್ಲ ಅಂದ್ನಲ್ಲ.”

ಅಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮೈಕಮ್ಮ ಅದನ್ನೇ ಹೌದೆಂದು ಎಣಿಸಿಕೊಂಡಳು. ಆಟದ ದಿನ ಏನು ಮಾಡಬೇಕೆಂದು ಆಗಲೇ ನಿಶ್ಚಯಿಸಿಬಿಟ್ಟಳು. ಮೈಕು ಅವಳ ಕೈಯಲ್ಲಿತ್ತು, ದೀಪವೂ ಅವಳ ಕೈಯಲ್ಲಿತ್ತು.

ಆಟದ ದಿನ ಬಂತು. ಮೆಟ್ಟಿಲ ಬಾಗಿಲಿನ ಗಾಜಿಗೆ ಕಪ್ಪು ಕಾಗದ ಅಂಟಿಸಿ ಬಿಸಿಲನ್ನು ಹೊರಗೆ ನಿಲ್ಲಿಸಿದ್ದರು. ಅಭಿಮಾನಿಗಳು ಒಬ್ಬರ ಭುಜ ಒಬ್ಬರು ಹಿಡಿದು ಮೆಟ್ಟಿಲಿಳಿದು ಬಂದರು: ಬಕ್ಕತಲೆಗಳು, ಊರುಗೋಲುಗಳು, ಒಂದು ಕಾಲದ ಉದ್ದ ಕೂದಲನ್ನು ಇನ್ನೂ ಬಿಟ್ಟಿರದ ಒಬ್ಬ ದಪ್ಪ ಮನುಷ್ಯ, ಪರಸ್ಪರ ಗುರುತು ಸಿಗದೆ ದಿಟ್ಟಿಸಿಕೊಳ್ಳುವ ಹೆಂಗಸರು.

“ನೀನಿನ್ನೂ ಬದುಕಿದೀಯೇನೋ!”

“ನಿನ್ನ ಸಾಲ ತೀರಿಸದೆ ಹೇಗೆ ಸಾಯ್ಲಿ?”

ಎಲ್ಲರ ಜೇಬಿನಲ್ಲೂ ಕಡ್ಡಿಪೆಟ್ಟಿಗೆ ಗಲಗಲ ಎನ್ನುತ್ತಿತ್ತು.

ಮೈಕಮ್ಮ ಹಾಲಿನ ಹಿಂದುಗಡೆ ತನ್ನ ಮೇಜಿನ ಮುಂದೆ ನಿಂತಿದ್ದಳು. ವೇದಿಕೆಯ ಮೇಲೆ ಇದ್ದದ್ದು ಒಂದೇ ಮೈಕು. “ನನಗೊಂದೇ ಸಾಕು,” ಎಂದಿದ್ದಳು ಒಡತಿ. ಮಗಳು ಎಲ್ಲಿ ಎಂದು ಹುಡುಕಿದಳು. ಎಲ್ಲೂ ಕಾಣಲಿಲ್ಲ. ಸರಿಯಾಗಿ ದೀಪ ಆರಿಸುವ ಮೊದಲು ಪಕ್ಕದ ಮೆಟ್ಟಿಲಲ್ಲಿ ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ ತೊಟ್ಟ ಒಂದು ಆಕೃತಿ ಸರಿದು ಪರದೆಯ ಮರೆಗೆ ಹೋಯಿತು. ಆ ನಡಿಗೆಯನ್ನು ಕಲಿಸಿದವಳೇ ಮೈಕಮ್ಮ. ಗುರುತು ಹಿಡಿಯಲು ಮುಖ ಬೇಕಿರಲಿಲ್ಲ.

“ನಾನು ಹೇಳಿರ್ಲಿಲ್ವಾ?” ಎಂದು ಗ್ಲಾಸ್ ಮಾಮ ಕಿವಿಯ ಹತ್ತಿರ ಉಸುರಿದ.

“ನೀನು ಸುಮ್ನಿರು ಮಾಮ.”

ದೀಪ ಆರಿತು. ಕಡ್ಡಿ ಗೀರಿದ ಸದ್ದು ಮೈಕಿನಲ್ಲಿ ಸೀಳಿದ ಹಾಗೆ ಕೇಳಿಸಿತು. ಬೆಳಕಿನಲ್ಲಿ ಮುಖ. ಸುಕ್ಕು ಬಿದ್ದ, ಬಣ್ಣ ಹಚ್ಚದ ಮುಖ, ಹಾಲಿನ ತುಂಬಾ ಇರುವವರನ್ನು ಒಬ್ಬೊಬ್ಬರನ್ನಾಗಿ ನೋಡುವ ಮುಖ. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಕಡ್ಡಿ ಆರಿತು. ಹಾಡು ಬಂತು.

ಮೈಕಮ್ಮ ಗೂಡಿನಲ್ಲಿ ಕೂತು ಕೇಳಿದ ಅದೇ ಸಾಲು, ಅದೇ ಬಿರುಕು. ಈಗ ಇನ್ನೂ ತುಂಬಿದ ದನಿ, ಅಂಚಿನಲ್ಲಿ ಸ್ವಲ್ಪ ಒರಟು. ಅಷ್ಟೊಂದು ಅಭ್ಯಾಸ ಮಾಡಿಸಿ ಮಗಳ ಗಂಟಲು ಕೆಡಿಸಿದ್ದಾಳೆ ಎಂದುಕೊಂಡಳು. ಇಷ್ಟು ಚೆನ್ನಾಗಿ ಮಗಳು ಮನೆಯಲ್ಲಿ ಎಂದೂ ಹಾಡಿರಲಿಲ್ಲ. ಹೆಮ್ಮೆ ಮತ್ತು ಸಿಟ್ಟು ಒಟ್ಟಿಗೇ ಬಂದವು. ಹಾಡು ಮುಗಿದಾಗ ಹಾಲಿನ ತುಂಬ ಕಡ್ಡಿಪೆಟ್ಟಿಗೆಗಳು ಕುಲುಕಿದವು, ಒಣಗಿದ ಕಾಯಿಗಳ ತೋಪಿಗೆ ಗಾಳಿ ಬಿದ್ದ ಹಾಗೆ. ಆ ಸದ್ದೆಲ್ಲ ತನ್ನ ಮಗಳಿಗೆ ಸೇರಬೇಕಾದದ್ದು. ಸೇರುತ್ತಿದ್ದುದು ಕತ್ತಲಲ್ಲಿ ಬಾಯಿ ಮುಚ್ಚಿಕೊಂಡು ನಿಂತ ಒಬ್ಬ ಮುದುಕಿಗೆ.

ಎರಡನೆಯ ಹಾಡು ಮುಗಿಯಿತು. ಮೈಕಮ್ಮನ ಬೆರಳು ದೀಪದ ಗುಂಡಿಯ ಮೇಲಿತ್ತು. ಹಾಕಿದರೆ ಮಗಳಿಗೂ ಅವಮಾನ. ಹಾಕದಿದ್ದರೆ ಇಂದು ಕತ್ತಲು, ನಾಳೆ ಕತ್ತಲು, ಮುಂದೆಯೂ ಕತ್ತಲೇ. ಅವಮಾನ ಒಂದು ದಿನ ಇರುತ್ತದೆ, ಅಷ್ಟೇ. ಮೂರನೆಯ ಕಡ್ಡಿ ಗೀರಿ ಆರಿತು. ಮೂರನೆಯ ಹಾಡು ಮೇಲೇರುತ್ತಿದ್ದಾಗ ಅವಳು ಗುಂಡಿಯನ್ನು ಪೂರ್ತಿ ಮೇಲಕ್ಕೆ ನೂಕಿದಳು.

ವೇದಿಕೆ ಹಗಲಾಯಿತು.

ಹಾಡುತ್ತಿದ್ದದ್ದು ಒಡತಿ. ಕಣ್ಣು ಮುಚ್ಚಿತ್ತು, ಕತ್ತಿನ ನರ ಉಬ್ಬಿತ್ತು, ಬಾಯಿ ಅಗಲ ತೆರೆದಿತ್ತು. ದನಿ ಅಲ್ಲಿಂದಲೇ ಬರುತ್ತಿತ್ತು, ಯಾವ ಅನುಮಾನಕ್ಕೂ ಜಾಗವಿಲ್ಲದಂತೆ. ಅವಳ ಹಿಂದೆ ಮೈಕಮ್ಮನ ಮಗಳು ತುಟಿ ಬಿಗಿದು ನಿಂತಿದ್ದಳು. ಬಲಗೈಯನ್ನು ಒಡತಿಯ ಬೆನ್ನಿಗೆ ಅಂಗೈಯಗಲ ಒತ್ತಿ ಹಿಡಿದಿದ್ದಳು. ಅದು ಒಮ್ಮೆ ಕೂದಲೆಳೆಯಷ್ಟು ಮೇಲೆ ಸರಿಯಿತು, ದನಿ ಅಷ್ಟೇ ಮೇಲೆ ಸರಿಯಿತು.

“ಯಾರ್ರೀ ಅದು ಲೈಟ್ ಹಾಕಿದ್ದು!” ಎಂದು ಯಾರೋ ಕೂಗಿದರು. “ಆರಿಸ್ರೀ!” ಹಾಲಿನ ತುಂಬ ಗದ್ದಲವೆದ್ದಿತು. ಕುರ್ಚಿಯೊಂದು ದಡಾರನೆ ಬಿತ್ತು. ಉದ್ದ ಕೂದಲಿನವನು ಎದ್ದು ನಿಂತು ಹಿಂದಕ್ಕೆ ತಿರುಗಿ ಬೈಯತೊಡಗಿದ.

ಒಡತಿ ಹಾಡುತ್ತಲೇ ಇದ್ದಳು.

ಗದ್ದಲ ತಾನಾಗಿಯೇ ಕಡಿಮೆಯಾಗುತ್ತ ಬಂತು. ಮೊದಲು ಮುಂದಿನ ಸಾಲಿಗೆ ಅರ್ಥವಾಯಿತು, ಆಮೇಲೆ ಅದರ ಹಿಂದಿನವರಿಗೆ. ಈ ಗಲಾಟೆಯಲ್ಲಿ ಒಂದು ಚೂರೂ ಅವಳ ಕಿವಿ ಮುಟ್ಟಿಲ್ಲ. ಮೈಕಮ್ಮನಿಗೂ ಅರ್ಥವಾಯಿತು. ಬಾಯಿಯನ್ನು ದಿಟ್ಟಿಸಿದ್ದು, ಫೋನು ಎತ್ತದ್ದು, ಪುಟ ಮಗುಚಿದ್ದು, ಪಿಸುಮಾತು. ತಾನು ಕೂಡಿಸಿಟ್ಟಿದ್ದ ಒಂದೊಂದು ಪುರಾವೆಯೂ ಕಣ್ಣೆದುರೇ ಮಗುಚಿಕೊಂಡಿತು.

ಮಗಳು ಒಡತಿಯ ಬೆನ್ನನ್ನು ಎರಡು ಸಲ ತಟ್ಟಿದಳು. ಒಡತಿ ಕಣ್ಣು ಬಿಟ್ಟಳು. ಹಾಡು ನಿಂತಿತು.

“ದೀಪ ಹಾಕಿದ್ದು ಯಾರು?” ಎಂದಳು. ಪಿಸುಮಾತಲ್ಲ ಈಗ, ಅಳತೆ ಗೊತ್ತಾಗದವರ ಜೋರು.

“ನಾನು,” ಎಂದಳು ಮೈಕಮ್ಮ.

“ಏನು?”

“ನಾನು ಮೇಡಂ! ಮೈಕಮ್ಮ!”

ಇಡೀ ಹಾಲು ಹಿಂದಕ್ಕೆ ತಿರುಗಿತು. ಒಡತಿ ಕಣ್ಣಿಗೆ ಕೈ ಅಡ್ಡ ಹಿಡಿದು ದೂರದ ಆ ಬಾಯನ್ನು ಓದಲು ನೋಡಿದಳು, ಆಗಲಿಲ್ಲ. “ಯಾಕೆ ಅಂತ ಕೇಳೇ,” ಎಂದಳು ಮಗಳಿಗೆ.

ಮಗಳು ಮೈಕಿನ ಮುಂದೆ ಬಂದಳು. ಮುಖ ಬೆಳ್ಳಗಾಗಿತ್ತು. “ಯಾಕಮ್ಮ?” ಎಂದಳು. ಮೈಕಮ್ಮ ಬಯಸಿದ್ದಂತೆಯೇ ಮಗಳ ದನಿ ಸ್ಪೀಕರಿನಲ್ಲಿ ಹಾಲಿನ ಮೂಲೆಮೂಲೆಗೂ ಕೇಳಿಸಿತು.

“ನಿನ್ನ ಹತ್ರ ಹಾಡಿಸ್ತಿದಾರೆ ಅಂದ್ಕೊಂಡೆ,” ಎಂದು ಮೈಕಮ್ಮ ಎಲ್ಲರೆದುರು ಕೂಗಬೇಕಾಯಿತು. “ಹೆಸರು ಅವರದು, ದನಿ ನಿನ್ನದು ಅಂದ್ಕೊಂಡೆ!”

ಮಗಳು ಒಡತಿಯ ಎದುರಿಗೆ ತಿರುಗಿ ನಿಂತಳು. ತಾಯಿಯ ಮಾತನ್ನು ಒಂದಕ್ಷರ ಬಿಡದೆ, ಒಂದಕ್ಷರ ಮೆದುವಾಗಿಸದೆ, ತುಟಿಗಳನ್ನು ಬಿಡಿಬಿಡಿಯಾಗಿ ಆಡಿಸುತ್ತ ಒಪ್ಪಿಸಿದಳು.

ಒಡತಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು. “ಇವಳ ಹತ್ರ ಹಾಡಿಸೋದಾ?” ಎಂದಳು. “ಇವಳು ಹಾಡಿದ್ರೆ ನನಗೆ ಸರಿಯಾಗಿ ಕೇಳಿಸಲ್ಲ ಅನ್ನೋದೇ ನನ್ನ ಪುಣ್ಯ.”

ಹಾಲು ಗೊಳ್ಳೆಂದಿತು. ಮಗಳೂ ನಕ್ಕಳು. ನಗದಿದ್ದವಳು ಮೈಕಮ್ಮ ಒಬ್ಬಳೇ. ಆ ಹೊತ್ತಿನಲ್ಲೂ, ಅಷ್ಟು ಜನರ ಮುಂದೆ ಮುಖ ಸುಟ್ಟುಕೊಂಡು ನಿಂತಾಗಲೂ, ‘ನನ್ನ ಮಗಳೇನು ಅಷ್ಟು ಕೆಟ್ಟದಾಗಿ ಹಾಡ್ತಾಳಾ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಗಂಟಲು ನನ್ನದು,” ಎಂದಳು ಒಡತಿ ಜನರ ಕಡೆ ತಿರುಗಿ. “ಕಿವಿ ಹೋಗಿದೆ. ಹೆಡ್‌ಫೋನಲ್ಲಿ ಪೂರ್ತಿ ಜೋರಿಟ್ರೆ ಒಂಚೂರು ಕೇಳತ್ತೆ, ಅಷ್ಟರಲ್ಲಿ ಇವಳು ನನ್ನ ಹಾಡು ನನಗೇ ನೆನಪಿಸಿದ್ಲು. ಅವತ್ತು ಹಾಡೋದು ಬಿಟ್ಟಿದ್ದು ಅದು ಶುರುವಾಗಿದ್ದಕ್ಕೇ. ಕಿವುಡಿ ಆರಿಸಿದ ಹಾಡುಗಾರರ ಕ್ಲಬ್ಬು ಅಂದ್ರೆ ಯಾರು ಬರ್ತಾರೆ? ಅದಕ್ಕೆ ಮುಚ್ಚಿಟ್ಟೆ. ಮೈಕಮ್ಮ, ದೀಪ ಹಾಕಿದ್ದು ಹಾಕಿದೆ. ಇನ್ನು ಆರಿಸಬೇಡ.”

ಕೆಲವರು ಎದ್ದು ಹೋದರು. ಒಬ್ಬಾತ ಮೆಟ್ಟಿಲು ಹತ್ತುತ್ತಾ, ಕತ್ತಲಿಲ್ಲದ ಬೆಂಕಿಕಡ್ಡಿ ಎಂಥ ಬೆಂಕಿಕಡ್ಡಿ ಎಂದು ಗೊಣಗಿದ. ಉಳಿದವರು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. ಒಡತಿ ಉರಿಯುವ ದೀಪಗಳ ಕೆಳಗೆ ಕಡ್ಡಿ ಗೀರಿದಳು, ಆ ಬೆಳಕು ಯಾರಿಗೂ ಬೇಕಿರಲಿಲ್ಲ. ಆದರೂ ಅದು ಆರುವವರೆಗೆ ಕಾದು, ಬೆನ್ನ ಮೇಲೆ ಹುಡುಗಿಯ ಅಂಗೈ ಇಟ್ಟುಕೊಂಡು, ಉಳಿದ ಹಾಡುಗಳನ್ನು ಹಾಡಿದಳು. ಎರಡು ಕಡೆ ಶ್ರುತಿ ಜಾರಿತು. ಮೈಕಮ್ಮ ಅದನ್ನು ಕೇಳಿಸಿಕೊಂಡಳು, ಮಗಳು ಅದನ್ನು ಹಿಡಿದು ಎತ್ತಿದ್ದನ್ನೂ ಕಣ್ಣಾರೆ ಕಂಡಳು.

ಆಟ ಮುಗಿದ ಮೇಲೆ ಗ್ಲಾಸ್ ಮಾಮ ಬಾರಿನ ಹಿಂದೆ ಬಗ್ಗಿಕೊಂಡು ಏನೋ ಹುಡುಕುತ್ತಿದ್ದ, ಮೈಕಮ್ಮನ ಮುಖ ನೋಡಬಾರದೆಂದೇ. ಅವಳು ವೇದಿಕೆಗೆ ಹೋಗಿ ಮೈಕು ಬಿಚ್ಚತೊಡಗಿದಳು. ಮಗಳು ವೇದಿಕೆಯ ಅಂಚಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಒಡತಿ ಕಾಲು ಚಾಚಿಕೊಂಡು.

“ನನ್ನನ್ನೇ ಕೇಳಬಹುದಿತ್ತಲ್ಲ,” ಎಂದಳು ಮಗಳು.

“ಕೇಳಿದೆ. ನೀನು ಹೇಳಲಿಲ್ಲ.”

“ಹೇಳಕ್ಕಾಗಲ್ಲ ಅಂದೆ. ಸುಳ್ಳು ಹೇಳಿದ್ನಾ?” ಮಗಳು ತಾಯಿಯ ಕಡೆ ತಿರುಗಿದಳು. “ಆಯಮ್ಮನ ಮೇಲೆ ಅನುಮಾನ ಪಟ್ಟೆ, ಸರಿ. ನಾನು ಕತ್ತಲಲ್ಲಿ ನಿಂತು ಊರಿಗೆಲ್ಲ ಮೋಸ ಮಾಡೋಳು ಅಂತ ನನ್ನ ಮೇಲೂ ಪಟ್ಟೆಯಲ್ಲ.”

ಮೈಕಮ್ಮ ಮೈಕನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು. ಆಮೇಲೆ ಒಡತಿಯ ಎದುರಿಗೆ ಹೋಗಿ, ಮೊದಲ ಬಾರಿಗೆ, ತನ್ನ ಬಾಯಿ ಚೆನ್ನಾಗಿ ಕಾಣುವ ಹಾಗೆ ಬಗ್ಗಿ ನಿಂತಳು. “ತಪ್ಪಾಯ್ತು ಮೇಡಂ.”

“ಆಯ್ತು,” ಎಂದಳು ಒಡತಿ. ಆಗಿಹೋಯಿತು ಎಂದೋ, ತಪ್ಪು ಆಯಿತು ಎಂದೋ ತಿಳಿಯಲಿಲ್ಲ. “ಮುಚ್ಚಿಡೋದಿನ್ನೇನೂ ಉಳಿದಿಲ್ಲ. ಇನ್ನು ಮೇಲೆ ಪರೀಕ್ಷೆಗೆ ಯಾರೇ ಬಂದ್ರೂ ಇವಳು ನನ್ನ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂರ್ತಾಳೆ. ಎಲ್ಲರಿಗೂ ಕಾಣೋ ಹಾಗೆ.”

“ಇವಳು ಹಾಡೋದು?”

“ಅಮ್ಮ,” ಎಂದಳು ಮಗಳು, “ನನಗೆ ಹಾಡೋದು ಬೇಡ. ಕೇಳೋದು ಇಷ್ಟ. ನಾನು ಬರ್ತೀನಿ ಅಂತ ಅವರಿಗೆ ಆಗಲೇ ಹೇಳಿದೀನಿ.”

ಕ್ಲಬ್ಬಿನ ಗೋಡೆಯ ಮೇಲೆ ಮಗಳ ಹೆಸರು ಬರೆಸುವ ಆಸೆ ಅಲ್ಲಿಗೆ ಮುಗಿಯಿತು. ಅದನ್ನು ಕಸಿದುಕೊಂಡವರು ಯಾರೂ ಇರಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು. “ನಿನ್ನಿಷ್ಟ,” ಎಂದಳು ಮೈಕಮ್ಮ. ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲ ಕಡೆ ನಡೆದಳು.

ಅರ್ಧ ದಾರಿಯಲ್ಲಿ ತಿರುಗಿ ನೋಡಿದಳು. ಮಗಳು ಒಡತಿಗೆ ಏನೋ ಹೇಳುತ್ತಿದ್ದಳು, ದನಿಯೇ ಇಲ್ಲದೆ, ಬರೀ ತುಟಿಯಲ್ಲಿ, ಸರಸರನೆ. ಒಡತಿ ಅದನ್ನು ನೋಡಿ, ಒಮ್ಮೆ ಮೈಕಮ್ಮನ ಕಡೆ ಕಣ್ಣು ಹಾಯಿಸಿ, ತಲೆಯಾಡಿಸಿದಳು.

“ಏನಂದೆ?” ಎಂದಳು ಮೈಕಮ್ಮ.

“ನಿನಗಲ್ಲ ಹೇಳಿದ್ದು,” ಎಂದಳು ಮಗಳು.

ಮೈಕಮ್ಮ ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಮೆಟ್ಟಿಲು ಹತ್ತಿ ಬಾಗಿಲು ತೆರೆದಳು. ಹೊರಗೆ ಇನ್ನೂ ಬಿಸಿಲಿತ್ತು. ಅಷ್ಟು ಹೊತ್ತು ಒಳಗಿದ್ದ ಕಣ್ಣಿಗೆ ಬೀದಿ ಪೂರ್ತಿ ಬಿಳಿಯಾಗಿ ಕಂಡಿತು, ಯಾರ ಮುಖವೂ ತಿಳಿಯಲಿಲ್ಲ. ಬಾಗಿಲನ್ನು ಕಾಲಲ್ಲಿ ತಡೆದು ಹಿಡಿದು, ಮಗಳು ಬರುತ್ತಾಳೋ ಇಲ್ಲವೋ ಎಂದು ಅಲ್ಲಿಯೇ ನಿಂತಳು.